ಹೆಡನ್ ಲೂರ್‌ಗೆ ಮತ್ತೆ ಬಣ್ಣ ಬಳಿಯಬಹುದೇ?

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ. ಹಿಂದಿನ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮನೆಯ ಸಾಮಾನು ಮಾರಾಟಕ್ಕಿಟ್ಟಿದ್ದರು. ಅಲ್ಲಿ ಮೀನು ಹಿಡಿಯುವ ಸಲಕರಣೆಗಳ ತಗಡಿನ ಪೆಟ್ಟಿಗೆಯೊಂದನ್ನು ಕೊಂಡೆ. ಅದರಲ್ಲಿ ಗಾಜಿನ ಕಣ್ಣಿನ ಒಂದು ಮರದ ಮೀನಿದೆ, ಅಂದರೆ ಗಾಳದ ದಾರಕ್ಕೆ ಕಟ್ಟಿ ಮೀನನ್ನು ಕೆಣಕುವ ಲೂರ್. ಮೂರೂಮುಕ್ಕಾಲು ಇಂಚು ಉದ್ದ, ಐದು ಕೊಕ್ಕೆ, ಹಿಂದೆ ಮುಂದೆ ಪುಟ್ಟ ಪ್ರೊಪೆಲ್ಲರ್; ಅದರ ಮೇಲೆ ‘ಹೆಡನ್ಸ್ ಡವಾಜ್ಯಾಕ್’ ಎಂದು ಅಚ್ಚೊತ್ತಿದೆ. ಬೆನ್ನಿನ ಹಸಿರು ಬಣ್ಣ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿದೆ. ಜೊತೆಗೆ ‘ಸ್ಪೂಕ್’ ಎಂದು ಬರೆದಿರುವ ಪ್ಲಾಸ್ಟಿಕ್ಕಿನದೂ ಒಂದಿದೆ, ಮುಟ್ಟಿದರೆ ಅಂಟಂಟು. ಡವಾಜ್ಯಾಕ್ ಯಾವ ಕಂಪನಿ? ಬಣ್ಣ ಬಳಿದು ಮಗನಿಗೆ ಮೀನು ಹಿಡಿಯಲು ಕೊಡಬಹುದೇ?

ಉತ್ತರ: ಮುಂದೆ ಓದುವ ಮೊದಲು ಆ ಅಂಟಂಟು ಸ್ಪೂಕನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಡಿ. ಸ್ಪೂಕ್ ಎಂಬುದು ಹೆಡನ್ ಕಂಪನಿಯ ಪ್ಲಾಸ್ಟಿಕ್ ಲೂರ್‌ಗಳ ಹೆಸರು. 1930ರ ದಶಕದಲ್ಲಿ ಬಂದ ಮೊದಮೊದಲ ಸ್ಪೂಕ್‌ಗಳನ್ನು ಪೈರಲಿನ್‌ನಿಂದ, ಅಂದರೆ ಸೆಲ್ಯುಲಾಯ್ಡ್‌ನಿಂದ, ಮಾಡಿದ್ದರು. ಅದು ಹಳೆಯದಾದ ಹಾಗೆ ಒಳಗಿನಿಂದಲೇ ಕೊಳೆಯುತ್ತಾ ಆಮ್ಲದ ಆವಿ ಬಿಡುತ್ತದೆ. ಪಕ್ಕದಲ್ಲಿರುವ ಕೊಕ್ಕೆಗಳಿಗೆ ತುಕ್ಕು ಹಿಡಿಯುತ್ತದೆ, ಬಣ್ಣವೂ ಕೆಡುತ್ತದೆ. ಗಾಳಿಯಾಡುವ ಬೇರೆ ಡಬ್ಬಿಯಲ್ಲಿಡಿ. ಬೇಗ ಹೊತ್ತಿಕೊಳ್ಳುವ ವಸ್ತು, ಒಲೆಯ ಹತ್ತಿರ ಬೇಡ.

ಇನ್ನು ನಿಮ್ಮ ಮರದ ಮೀನು. ಡವಾಜ್ಯಾಕ್ ಎಂಬುದು ಊರಿನ ಹೆಸರು, ನಿಮ್ಮದೇ ರಾಜ್ಯದ ನೈಋತ್ಯ ಮೂಲೆಯಲ್ಲಿದೆ. ಕಂಪನಿ ಹೆಡನ್. ಅದನ್ನು ಹುಟ್ಟುಹಾಕಿದ ಜೇಮ್ಸ್ ಹೆಡನ್ (1845–1911) ಕಸುಬಿನಿಂದ ಜೇನು ಸಾಕುವವರು. 1885ರಲ್ಲೇ ತಮ್ಮದೇ ವಿನ್ಯಾಸದ ಜೇನುಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದರು. ಒಂದು ದಿನ ಗೆಳೆಯನಿಗಾಗಿ ಕೆರೆಯ ದಡದಲ್ಲಿ ಕಾಯುತ್ತಾ, ಚಾಕುವಿನಿಂದ ಕೆತ್ತುತ್ತಿದ್ದ ಕಡ್ಡಿಯನ್ನು ನೀರಿಗೆ ಎಸೆದರಂತೆ, ಬಾಸ್ ಮೀನೊಂದು ಹಾರಿ ಅದನ್ನು ಬಡಿಯಿತಂತೆ. ಆ ಊರಿನವರು ಇಂದಿಗೂ ಹೇಳುವ ಕಥೆ ಇದು. ನಿಜವೋ ಅಲ್ಲವೋ, ಹೆಡನ್ ತಮಗೂ ಗೆಳೆಯರಿಗೂ ಮರದ ಕಪ್ಪೆಗಳನ್ನು ಕೆತ್ತಿಕೊಟ್ಟಿದ್ದಂತೂ ಹೌದು. ಅವುಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. 1902ರಲ್ಲಿ ಮಗ ವಿಲ್ ಜೊತೆ ವ್ಯಾಪಾರಕ್ಕಿಳಿದರು, ಮುಂದೆ ಇನ್ನೊಬ್ಬ ಮಗ ಚಾರ್ಲ್ಸ್ ಕೂಡ ಸೇರಿಕೊಂಡರು. ಎರೆಹುಳುವೋ ಜೀವಂತ ಕಪ್ಪೆಯೋ ಇಲ್ಲದೆ, ಬರೀ ಮರದ ತುಂಡು ತೋರಿಸಿ ಮೀನನ್ನು ಕೆಣಕಬಹುದು ಎಂದು ಅಮೆರಿಕದ ಸಾಮಾನ್ಯ ಗಾಳಗಾರನಿಗೆ ನಂಬಿಕೆ ಹುಟ್ಟಿಸಿದವರಲ್ಲಿ ಈ ಕುಟುಂಬ ಮುಂಚೂಣಿಯಲ್ಲಿದೆ.

ನಿಮ್ಮ ಕೈಯಲ್ಲಿರುವುದು ನೀವು ಹೇಳಿದ ಗುರುತುಗಳ ಪ್ರಕಾರ ‘ಡವಾಜ್ಯಾಕ್ ಮಿನ್ನೊ’, 150ನೇ ನಂಬರಿನದು. ಎರಡೂ ಪಕ್ಕದಲ್ಲಿ ಎರಡೆರಡು, ಬಾಲಕ್ಕೊಂದು, ಹೀಗೆ ಐದು ಮುಕ್ಕವಲಿನ ಕೊಕ್ಕೆ. ಇದು ಬಹಳ ವರ್ಷ ಮಾರಾಟದಲ್ಲಿದ್ದ ಮಾದರಿ, ಹಾಗಾಗಿ ಕಾಲ ತಿಳಿಯಲು ಕೊಕ್ಕೆಯ ಬುಡ ನೋಡಬೇಕು. ಮರದೊಳಗೆ ಕೂರಿಸಿದ ಚಿಕ್ಕ ಲೋಹದ ಬಟ್ಟಲು, ಅದರ ನಡುವೆ ತಿರುಪಿನ ಕಣ್ಣು, ಅದಕ್ಕೆ ಕೊಕ್ಕೆ ಸಿಕ್ಕಿಸಿದ್ದರೆ ಮೊದಲ ಮಹಾಯುದ್ಧದ ಆಚೀಚಿನದು, ಬಹುಶಃ ಅದಕ್ಕೂ ಹಿಂದಿನದು. ಎಲ್ ಆಕಾರದ ತಂತಿ ಕೊಕ್ಕೆಯನ್ನು ಹಿಡಿದಿದ್ದರೆ ಅದರ ನಂತರದ್ದು. ಮೈಮೇಲೆ ತಿರುಪು ಹಾಕಿ ಕೂರಿಸಿದ ತಗಡಿದ್ದರೆ ಇನ್ನೂ ಈಚಿನದು. ಗಾಜಿನ ಕಣ್ಣು ಹಳೆಯದೆಂಬುದಕ್ಕೆ ಇನ್ನೊಂದು ಸಾಕ್ಷಿ, ಮುಂದೆ ಕಣ್ಣನ್ನೂ ಬಣ್ಣದಲ್ಲೇ ಬರೆಯತೊಡಗಿದರು.

ಈಗ ಆ ಬಿರುಕು. ಹೆಡನ್‌ನವರು ಆ ಕಾಲದಲ್ಲಿ ‘ಫ್ಯಾನ್ಸಿ ಬ್ಯಾಕ್’ ಎಂಬ ಬಣ್ಣ ಮಾಡುತ್ತಿದ್ದರು: ಬಿಳಿ ಹೊಟ್ಟೆ, ಹಸಿರು ಬೆನ್ನು, ಬೆನ್ನಿನ ಮೇಲೆ ಬೇಕೆಂದೇ ಬರಿಸಿದ ಬಲೆಬಲೆಯ ಬಿರುಕು. ಬೆರಳ ತುದಿಯನ್ನು ಅದರ ಮೇಲೆ ಮೆಲ್ಲಗೆ ಆಡಿಸಿ. ಬಲೆ ಬೆನ್ನಿನಲ್ಲಷ್ಟೇ ಇದ್ದು, ಮೇಲಿನ ವಾರ್ನಿಷ್ ನುಣುಪಾಗಿದ್ದರೆ ಅದು ಕಾರ್ಖಾನೆಯ ಕುಸುರಿ. ಗೆರೆ ಉಗುರಿಗೆ ತಡೆದರೆ, ಮರದ ನಾರಿನುದ್ದಕ್ಕೆ ಓಡಿದ್ದರೆ, ಒಳಗಿನ ಬಿಳಿ ಬಣ್ಣವೋ ಮರವೋ ಇಣುಕಿದರೆ ಅದು ವಯಸ್ಸಿನದು. ತೇವಕ್ಕೆ ಮರ ಹಿಗ್ಗುತ್ತದೆ, ಬಣ್ಣ ಹಿಗ್ಗುವುದಿಲ್ಲ.

ಎರಡರಲ್ಲಿ ಯಾವುದಾದರೂ ಸರಿ, ದಯವಿಟ್ಟು ಬಣ್ಣ ಬಳಿಯಬೇಡಿ. ನೂರು ವರ್ಷದ ಹಿಂದಿನ ಕೈಕೆಲಸ ಹೊಸ ಬಣ್ಣದಡಿ ಹೂತುಹೋದರೆ ಮತ್ತೆ ಬರುವುದಿಲ್ಲ, ಸಂಗ್ರಾಹಕರ ಕಣ್ಣಲ್ಲಿ ಬೆಲೆಯೂ ಬಿದ್ದುಹೋಗುತ್ತದೆ. ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ತುಕ್ಕು ಹಿಡಿದ ಕೊಕ್ಕೆಯನ್ನೂ ಬದಲಿಸಬೇಡಿ. ಮೆತ್ತನೆಯ ಒಣ ಬ್ರಷ್‌ನಲ್ಲಿ ಧೂಳು ಒರೆಸಿದರೆ ಸಾಕು. ಗಾಳಕ್ಕೆ ಸಿಕ್ಕಿಸುವ ರಬ್ಬರಿನಂಥ ಮೆತ್ತನೆಯ ಹುಸಿ ಹುಳುಗಳಿರುವ ಪೆಟ್ಟಿಗೆಯಲ್ಲಿ ಇಡಬೇಡಿ, ಅವು ತಗುಲಿದ ಕಡೆ ಬಣ್ಣ ಕರಗುತ್ತದೆ. ಒಂದು ರಜೆಯ ದಿನ ಮಗನನ್ನು ಕರೆದುಕೊಂಡು ಡವಾಜ್ಯಾಕ್‌ಗೆ ಹೋಗಿ ಬನ್ನಿ. ಹಳೆಯ ಕಾರ್ಖಾನೆಯ ಕಟ್ಟಡದಲ್ಲೇ ಹೆಡನ್ ಮ್ಯೂಸಿಯಂ ಇದೆ.

ಮೀನು ಹಿಡಿಯಲು ಅವನಿಗೆ ಹೊಸದೊಂದು ಜಾರಾ ಸ್ಪೂಕ್ ಕೊಡಿಸಿ. ಕಂಪನಿ ಕೈಬದಲಾಗಿ ಈಗ ಅರ್ಕಾನ್ಸಾಸ್‌ನ ಪ್ರಾಡ್ಕೊ ಸಂಸ್ಥೆಯದಾಗಿದ್ದರೂ, 1939ರ ಆ ಮಾದರಿ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ; ಪ್ಲಾಸ್ಟಿಕ್ ಕೂಡ ಈಗ ಅಂಟಾಗುವ ಜಾತಿಯದಲ್ಲ. ನೀರಿನ ಮೇಲೆ ತೇಲುತ್ತದೆ. ದಾರವನ್ನು ಸ್ವಲ್ಪ ಸಡಿಲ ಬಿಟ್ಟು, ಕೋಲಿನ ತುದಿಯನ್ನು ಕೆಳಗೆ ಚಿಕ್ಕದಾಗಿ ಜಗ್ಗಿ ಬಿಡುತ್ತಾ ಬರಬೇಕು. ಆಗ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತಾ ದಡದತ್ತ ಬರುತ್ತದೆ. ಮೊದಲ ದಿನ ಬರೀ ನೇರವಾಗಿ ಎಳೆದುಬರಬಹುದು, ದಾರ ಬಿಗಿಯಾಯಿತು ಎಂದು ತಿಳಿದು ಇನ್ನಷ್ಟು ಸಡಿಲ ಬಿಡಲು ಹೇಳಿ.