ತಾರಸಿಯ ನಡಿಗೆಯೋ, ತೋಪಿನ ನಡಿಗೆಯೋ?

ರಕ್ತದೊತ್ತಡವಿರುವ ನಿಮ್ಮ ತಂದೆಯವರಿಗೆ ವೈದ್ಯರು ದಿನವೂ ನಡೆಯಲು ಹೇಳಿದ್ದಾರೆ. ಮನೆಯ ತಾರಸಿಯ ಮೇಲೆ ನಡೆದರೆ ಸಾಲದೇ, ಮರಗಳ ನಡುವೆಯೇ ನಡೆಯಬೇಕೇ ಎಂದು ಕೇಳಿದ್ದೀರಿ. ಹೃದಯಕ್ಕೆ ನಡಿಗೆ ಎಲ್ಲಿಯಾದರೂ ನಡಿಗೆಯೇ. ಆದರೂ ಎರಡೂ ಒಂದೇ ಅಲ್ಲವೆಂಬುದನ್ನು ಕೋಲಾರದ ಸಮೀಪದ ಹಳ್ಳಿಯಲ್ಲಿರುವ ನಾನು ಸ್ವತಃ ಕಂಡುಕೊಂಡಿದ್ದೇನೆ.

ಇದೇ ಸಲಹೆ ಸಿಕ್ಕಾಗ ನಾನೂ ಮೊದಲು ತಾರಸಿಯಲ್ಲೇ ಸುತ್ತು ಹಾಕಿದೆ. ನೀರಿನ ಟ್ಯಾಂಕಿನಿಂದ ಮೆಟ್ಟಿಲ ಬಾಗಿಲಿಗೆ 22 ಹೆಜ್ಜೆ; ಹತ್ತನೆಯ ಸುತ್ತಿಗೇ ಗಡಿಯಾರ ನೋಡುತ್ತಿದ್ದೆ, ಕಾಲು ಗಂಟೆಗೆ ಕೆಳಗಿಳಿಯುತ್ತಿದ್ದೆ. ಅನಂತರ ಊರಾಚೆಯ ಗುಂಡುತೋಪಿಗೆ ಹೋಗತೊಡಗಿದೆ. ದಾರಿಹೋಕರಿಗೂ ದನಕರುಗಳಿಗೂ ನೆರಳಾಗಲೆಂದು ಹಿಂದಿನವರು ಬೆಳೆಸಿದ ಮಾವು, ಹುಣಸೆ, ನೇರಳೆ, ಹೊಂಗೆಗಳು ಅಲ್ಲಿವೆ. ಎಲೆಯುದುರಿಸಿದ ಹೊಂಗೆ ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುವುದರಿಂದ, ಬಿಸಿಲು ಏರುವಾಗಲೇ ಅದರ ನೆರಳೂ ದಟ್ಟವಾಗುತ್ತದೆ. ಹೂವು ಉದುರಿದ ಬೆಳಿಗ್ಗೆ ನೆಲವೆಲ್ಲ ಅರಳು ಚೆಲ್ಲಿದಂತೆ ಕಾಣುತ್ತದೆ. ಎಲೆಗಳಿಂದ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುವುದರಿಂದ ಬರುವ ಆ ತಂಪು, ತಾರಸಿಗೆ ಹೊದಿಸಿದ ತಗಡಿನ ಶೀಟಿನ ನೆರಳಿಗೆ ಬಾರದು. ಅಲ್ಲಿ ಮುಕ್ಕಾಲು ಗಂಟೆ ಕಳೆದದ್ದೇ ತಿಳಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ಮರಗಳಿಂದಾದ ದೊಡ್ಡ ಉಪಕಾರವೆಂದರೆ, ಮರುದಿನವೂ ಹೋಗಬೇಕೆನಿಸಿದ್ದು.

ಇದು ಬರಿಯ ನನ್ನ ಅನುಭವವಲ್ಲ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು ಮತ್ತು ಅವರಿಗೆ ತೀವ್ರವಾದ ನೋವುನಿವಾರಕಗಳು ಕಡಿಮೆ ಬೇಕಾಗಿದ್ದವು. ಜಪಾನಿನಲ್ಲಿ 1982ರಿಂದ 'ಶಿನ್ರಿನ್ ಯೋಕು', ಅಂದರೆ ಅರಣ್ಯಸ್ನಾನ, ಎಂಬ ಹೆಸರಿನಲ್ಲಿ ಕಾಡಿನ ನಡಿಗೆಯನ್ನು ಪ್ರೋತ್ಸಾಹಿಸಲಾಗುತ್ತಿದೆ. ನಗರದ ಬೀದಿಯಲ್ಲಿ ನಡೆದವರಿಗಿಂತ ಕಾಡಿನಲ್ಲಿ ನಡೆದವರಲ್ಲಿ ನಾಡಿಬಡಿತ, ರಕ್ತದೊತ್ತಡ ಹಾಗೂ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ತುಸು ತಗ್ಗಿದ್ದನ್ನು ಅಲ್ಲಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿದ 2019ರ ಅಧ್ಯಯನವು, ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಾವು ಆರೋಗ್ಯವಾಗಿದ್ದೇವೆಂದು ಹೇಳಿಕೊಳ್ಳುವ ಸಂಭವ ಹೆಚ್ಚೆಂದು ಕಂಡುಕೊಂಡಿತು. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆಂಬ ಸಾಧ್ಯತೆಯೂ ಇರುವುದರಿಂದ, ಈ ಅಂಕಿಯನ್ನು ಔಷಧದ ಚೀಟಿಯಂತೆ ಓದಬಾರದು. ಆ ಎರಡು ಗಂಟೆಗಳನ್ನು ಒಂದೇ ದಿನ ಕಳೆದರೂ, ವಾರವಿಡೀ ಹಂಚಿಕೊಂಡರೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದು ಮಾತ್ರ ನಿಮಗೆ ಉಪಯೋಗಕ್ಕೆ ಬರುವ ಮಾತು.

ಆದ್ದರಿಂದ ಮಾತ್ರೆಗಳನ್ನು ವೈದ್ಯರು ಹೇಳದೆ ಬಿಡಿಸಬೇಡಿ, ಮರಗಳಿಗಾಗಿ ಮಲೆನಾಡಿಗೂ ಹೊರಡಬೇಡಿ. ವರ್ಷಕ್ಕೊಮ್ಮೆ ಕಾಣುವ ದಟ್ಟಕಾಡಿಗಿಂತ ದಿನವೂ ಕೈಗೆಟುಕುವ ಹತ್ತು ಹೊಂಗೆಮರಗಳು ಅವರಿಗೆ ಹೆಚ್ಚು ಹಿತವೆಂದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಿ ಹೇರಳವಾಗಿರುವ ನೀಲಗಿರಿ ತೋಪು ಸಿಕ್ಕರೆ ಅದೂ ಆಗಬಹುದು, ಆದರೆ ಅದರ ತೆಳುನೆರಳಿನಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ನಿಲ್ಲುವುದು ಕಷ್ಟ. ಕೋಲಾರ ಪಟ್ಟಣಕ್ಕೆ ಬಂದಾಗ ಅಂತರಗಂಗೆ ಬೆಟ್ಟಕ್ಕೆ ಕರೆದೊಯ್ಯುವಿರಾದರೆ, ಅವರಿಗೆ ಮಂಡಿನೋವಿದ್ದ ಪಕ್ಷದಲ್ಲಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯವರೆಗೆ ಮೆಟ್ಟಿಲು ಹತ್ತಿಸದೆ ಬೆಟ್ಟದ ತಪ್ಪಲಿನಲ್ಲೇ ನಡೆಸಿರಿ. ಕೈಯಲ್ಲಿ ತಿಂಡಿಯ ಚೀಲವಂತೂ ಬೇಡವೇ ಬೇಡ, ಅಲ್ಲಿನ ಕೋತಿಗಳು ರಕ್ತದೊತ್ತಡವನ್ನು ಇಳಿಸುವ ಪೈಕಿಯವಲ್ಲ.