ಕೌನ್ಸೆಲಿಂಗ್‌ಗೆ ಹೋದರೆ ಕೆಲಸಕ್ಕೆ ಕುತ್ತು ಬರುತ್ತಾ?

ತಂಗಿ, ನೀನು ಬರೆದದ್ದು ಓದಿ ಸಂಕಟವಾಯಿತು. ಮಂಗಳೂರಿನಿಂದ ಬರ್ಮಿಂಗ್‌ಹ್ಯಾಮ್‌ಗೆ ನರ್ಸ್ ಆಗಿ ಬಂದು ವರ್ಷವೂ ಆಗಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಹತ್ತುವುದಿಲ್ಲ, ಡ್ಯೂಟಿಗೆ ಹೊರಡುವಾಗ ಎದೆ ಡವಡವ ಅನ್ನುತ್ತೆ ಅಂದಿದ್ದೀಯ. ಕೌನ್ಸೆಲಿಂಗ್‌ಗೆ ಹೋದರೆ ಮ್ಯಾನೇಜರ್‌ಗೆ ಗೊತ್ತಾಗುತ್ತಾ, ವೀಸಾಗೆ ತೊಂದರೆಯಾಗುತ್ತಾ ಅಂತ ಕೇಳಿದ್ದೀಯ.

ಕೌನ್ಸೆಲಿಂಗ್‌ಗೆ ಹೋದರು ಅಂತ ಯಾರ ವೀಸಾನೂ ಹೋಗುವುದಿಲ್ಲ. ನೀನು ಅಲ್ಲಿ ಹೇಳಿದ್ದು ಮ್ಯಾನೇಜರ್ ಕಿವಿಗೆ ಬೀಳುವುದಿಲ್ಲ. ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯ ಅನ್ನಿಸುವಂಥ ಕೆಲವು ಸಂದರ್ಭದಲ್ಲಿ ಮಾತ್ರ ಕೌನ್ಸೆಲರ್ ಬೇರೆಯವರಿಗೆ ತಿಳಿಸಬೇಕಾಗುತ್ತೆ. ಆ ನಿಯಮ ಏನು ಅಂತ ಮೊದಲ ದಿನವೇ ಕೇಳಿಕೋ, ಬಿಡಿಸಿ ಹೇಳುತ್ತಾರೆ.

ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ ಸರ್ಕಾರಿ ಆರೋಗ್ಯ ಸೇವೆಯ ಕೌನ್ಸೆಲಿಂಗ್ ಇದೆ. ದುಡ್ಡು ಕೊಡಬೇಕಿಲ್ಲ. ಜಿಪಿ (ನೀನು ಹೆಸರು ನೋಂದಾಯಿಸಿದ ಸ್ಥಳೀಯ ಡಾಕ್ಟರ್) ಚೀಟಿಯೂ ಬೇಡ, ನೀನೇ ಆನ್‌ಲೈನ್‌ನಲ್ಲಿ ಹೆಸರು ಕೊಡಬಹುದು. ಕೆಲವು ಕಡೆ ಸರದಿ ಉದ್ದ ಇರುತ್ತೆ, ಅದಕ್ಕೇ ತಡ ಮಾಡಬೇಡ. ಮೊದಲು ಒಂದು ಪ್ರಶ್ನೆಪಟ್ಟಿ ಕೊಡುತ್ತಾರೆ: ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಊಟ ಸೇರಿತಾ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ? ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ನಮ್ಮವರು ಇಲ್ಲೇ ಎಡವುವುದು. ಯಾರು ಕೇಳಿದರೂ "ಪರವಾಗಿಲ್ಲ, ಆರಾಮ" ಅಂದು ರೂಢಿ ಅಲ್ವಾ, ಸುಮ್ನೆ 0 ಹಾಕಿಬಿಡುತ್ತಾರೆ. ಹಾಗೆ ಮಾಡಬೇಡ. ನಿದ್ದೆ ಇಲ್ಲ ಅಂದರೆ ಇಲ್ಲ ಅಂತಲೇ ಬರಿ. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲು ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳುವ ಹಕ್ಕು ನಿನಗಿದೆ.

ಆದರೆ ಒಂದು ಮಾತು. ವಾರ್ಡಿನಲ್ಲಿ ಜನ ಕಡಿಮೆ ಇದ್ದರೆ, ರೋಟಾದಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ನೈಟ್ ಎಲ್ಲ ನಿನ್ನ ತಲೆಗೇ ಕಟ್ಟಿದರೆ, ಅದು ನಿನ್ನ ಮನಸ್ಸಿನ ಕಾಯಿಲೆ ಅಲ್ಲ. ಕೌನ್ಸೆಲರ್ ರೋಟಾ ಬದಲಿಸಲಾರರು. ಅದಕ್ಕೆ ಯೂನಿಯನ್ ಬೇಕು. ನರ್ಸ್‌ಗಳ ಯೂನಿಯನ್ ಆರ್‌ಸಿಎನ್ ಸದಸ್ಯೆಯಾಗಿದ್ದರೆ ಪ್ರತಿನಿಧಿಯ ಹತ್ತಿರ ಮಾತಾಡು. ಸದಸ್ಯರಿಗೆ ಅವರದೇ ಉಚಿತ ಕೌನ್ಸೆಲಿಂಗ್ ಕೂಡ ಇದೆ. ಎರಡೂ ಒಟ್ಟಿಗೆ ನಡೆಯಲಿ.

ತೀರಾ ಆಗುತ್ತಿಲ್ಲ ಅಂದರೆ ರಜೆ ಹಾಕು. 7 ದಿನದವರೆಗೆ ಡಾಕ್ಟರ್ ಸರ್ಟಿಫಿಕೇಟ್ ಬೇಡ, ನೀನೇ ಬರೆದುಕೊಟ್ಟರೆ ಸಾಕು. ಅದಕ್ಕೂ ಜಾಸ್ತಿ ಬೇಕಾದರೆ ಫಿಟ್ ನೋಟ್, ಅಂದರೆ ವೈದ್ಯಕೀಯ ಸರ್ಟಿಫಿಕೇಟ್, ಬೇಕು. ರಜೆ ಹಾಕಿದರೆ ಉಳಿದವರಿಗೆ ಹೊರೆ ಅಂತ ಕೊರಗಬೇಡ. ಜನ ಹೊಂದಿಸುವುದು ಆಸ್ಪತ್ರೆಯ ಕೆಲಸ, ನಿನ್ನದಲ್ಲ.

ನಡುರಾತ್ರಿ ಬದುಕೇ ಬೇಡ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡ. ಸಮಾರಿಟನ್ಸ್ ಸಹಾಯವಾಣಿ 116 123ಕ್ಕೆ ಫೋನ್ ಮಾಡು, ಇಲ್ಲವೇ ಎನ್‌ಎಚ್‌ಎಸ್‌ನ 111 ಒತ್ತಿ 2 ಆರಿಸು. ಎರಡೂ ಉಚಿತ, ಎಷ್ಟು ಹೊತ್ತಿಗೂ ಎತ್ತುತ್ತಾರೆ.