ಅಬರ್ಡೀನಿಗೆ ಬಂದ ತಮ್ಮನಿಗೆ: ಹೊಗೆಮೀನು, ಆಲೂಗಡ್ಡೆ, ಮಧ್ಯಾಹ್ನದ ಊಟ

ತಮ್ಮ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಸ್ಕಾಟ್ಲೆಂಡಿನ ಅಬರ್ಡೀನಿಗೆ ಬಂದಾಗಿನಿಂದ ನೀನು ಸರಿಯಾಗಿ ಮೀನು ತಿಂದಿಲ್ಲ. ನಾಲ್ಕು ಜನ ಹಂಚಿಕೊಂಡ ಅಡುಗೆಮನೆಯಲ್ಲಿ ಮೀನು ಹುರಿದರೆ ಅಲಾರಂ ಕೂಗುತ್ತದೆ, ಜೊತೆಯವರು ಕಿಟಕಿ ತೆಗೆಯಲು ಓಡುತ್ತಾರೆ. ಮಧ್ಯಾಹ್ನ ಕಾಲೇಜಿನಲ್ಲಿ ಎಲ್ಲರೂ ತಣ್ಣಗಿನ ಡಬ್ಬಿ ತೆಗೆದು ತಿನ್ನುತ್ತಾರೆ, ನೀನು ರೂಮಿಗೆ ಬಂದು ಒಬ್ಬನೇ ಅನ್ನ ಮಾಡಿಕೊಂಡು ತಿನ್ನುತ್ತೀಯ. ಕೊನೆಯಲ್ಲಿ ಕೇಳಿದ್ದೀಯ: ‘ಅಕ್ಕಾ, ಇಲ್ಲಿನ ಜೀವನಕ್ಕೆ ಒಗ್ಗಿಕೊಳ್ಳೋದು ಹೇಗೆ?’

ನಾನು ಸಕಲೇಶಪುರದ ಕಡೆಯವಳು, ನೀನು ಅರಕಲಗೂಡಿನವನು. ಇಬ್ಬರಿಗೂ ಹಾಸನ ಒಂದೇ. ಹಾಗಾಗಿ ನೇರವಾಗಿ ಹೇಳುತ್ತೇನೆ. ವಾರದ ದಿನಗಳಲ್ಲಿ ಊರಿನ ಊಟವನ್ನೇ ಇಲ್ಲಿ ಮಾಡಬೇಕು ಅಂತ ಒದ್ದಾಡಬೇಡ. ಮೀನು ಸಾರು, ರೊಟ್ಟಿ ಭಾನುವಾರಕ್ಕೆ ಇರಲಿ. ಸೋಮವಾರದಿಂದ ಶುಕ್ರವಾರದವರೆಗೆ ಈ ಊರಿನದೇ ಒಂದು ಊಟ ಕಲಿ. ಅದು ನಮ್ಮ ನಾಲಿಗೆಗೆ ಹತ್ತಿರದ್ದಾಗಿರಲಿ, ಬೇಗ ಆಗುವಂಥದ್ದಾಗಿರಲಿ, ನಾಲ್ಕು ಜನರ ಮಧ್ಯೆ ಕೂತು ತಿನ್ನುವಂಥದ್ದಾಗಿರಲಿ. ನನ್ನ ಲೆಕ್ಕದಲ್ಲಿ ಅದು ಹೊಗೆಮೀನಿನ ಸಲಾಡ್.

ಸಲಾಡ್ ಅಂದ ಕೂಡಲೇ ಮುಖ ಸಿಂಡರಿಸಬೇಡ. ಸೊಪ್ಪು ಮೇಯುವ ವಿಷಯ ಅಲ್ಲ ಇದು. ಹೊಟ್ಟೆ ತುಂಬುತ್ತದೆ.

ಹೊಗೆಗೂ ಮೀನಿಗೂ ಇರುವ ನಂಟು ನಮಗೆ ಹೊಸದಲ್ಲ. ಮೊದಲ ಮಳೆ ಬಿದ್ದಾಗ ಹಳ್ಳದಿಂದ ಗದ್ದೆಗೆ ಹತ್ತುವ ಮೀನನ್ನು ಹಿಡಿದು, ಮಿಕ್ಕಿದ್ದನ್ನು ಒಲೆ ಮೇಲೆ ಹೊಗೆಗೆ ಕಟ್ಟಿ ಒಣಗಿಸುತ್ತಿದ್ದದ್ದು ಮಲೆನಾಡಿನ ಮನೆಗಳಲ್ಲಿ ಗೊತ್ತಿರುವ ಸಂಗತಿ. ಬಿಸಿಲೇ ಕಾಣದ ತಿಂಗಳುಗಳಲ್ಲಿ ಬೇರೆ ದಾರಿ ಇರಲಿಲ್ಲ. ಇಲ್ಲಿಯೂ ಕಾರಣ ಅದೇ. ಚಳಿ, ಮಳೆ, ಬಿಸಿಲು ಕಮ್ಮಿ. ಉಪ್ಪು ಹಾಕಿ ಹೊಗೆಯಾಡಿಸದಿದ್ದರೆ ಮೀನು ಉಳಿಯುತ್ತಿರಲಿಲ್ಲ. ನೀನು ಬಂದು ಇಳಿದಿರುವ ಕರಾವಳಿ ಮೀನಿಗೇ ಹೆಸರಾದದ್ದು. ಉತ್ತರಕ್ಕೆ ಪೀಟರ್‌ಹೆಡ್ ಇದೆ, ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮೀನು ಬಂದಿಳಿಯುವ ಬಂದರು. ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಆರ್‌ಬ್ರೋತ್. ಅಲ್ಲಿ ಹ್ಯಾಡಕ್ ಮೀನನ್ನು ಉಪ್ಪಿನಲ್ಲಿಟ್ಟು, ಎರಡೆರಡರ ಬಾಲ ಸೇರಿಸಿ ಕಟ್ಟಿ, ಕೋಲಿಗೆ ನೇತುಹಾಕಿ, ಗಟ್ಟಿ ಮರದ ಬೆಂಕಿಯ ಮೇಲೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ಅದಕ್ಕೆ ‘ಆರ್‌ಬ್ರೋತ್ ಸ್ಮೋಕಿ’ ಅನ್ನುತ್ತಾರೆ. 2004ರಲ್ಲಿ ಆ ಹೆಸರಿಗೆ ಭೌಗೋಳಿಕ ರಕ್ಷಣೆ ಸಿಕ್ಕಿತು, ಅಂದರೆ ಆ ಊರಿನ ಸುತ್ತ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ಕಡೆ ಮೈಸೂರು ಮಲ್ಲಿಗೆಗೆ ಸಿಕ್ಕಿದೆಯಲ್ಲ, ಆ ಥರದ್ದು. ಒಂದು ಶನಿವಾರ ಹೋಗಿ ಬಿಸಿಬಿಸಿಯದ್ದನ್ನು ಕಾಗದದಲ್ಲಿ ಹಾಕಿಸಿಕೊಂಡು ತಿನ್ನು. ಆಮೇಲೆ ಇಲ್ಲಿ ಮೀನು ಸಪ್ಪೆ ಅಂತ ನೀನು ಹೇಳುವುದಿಲ್ಲ.

ಆದರೆ ದಿನಾ ಆರ್‌ಬ್ರೋತಿಗೆ ಹೋಗಲು ಆಗುತ್ತದಾ? ಅದಕ್ಕೇ ಅಂಗಡಿಯ ಮೀನಿನ ವಿಷಯ.

ಇದನ್ನು ಮಾತ್ರ ಗಮನವಿಟ್ಟು ಓದು. ಹೊಗೆಮೀನಿನಲ್ಲಿ ಎರಡು ಜಾತಿ. ಒಂದು ಬಿಸಿ ಹೊಗೆಯಲ್ಲಿ ಬೆಂದದ್ದು. ಮ್ಯಾಕರೆಲ್, ಟ್ರೌಟ್, ಆರ್‌ಬ್ರೋತ್ ಸ್ಮೋಕಿ ಇವೆಲ್ಲ ಸಾಮಾನ್ಯವಾಗಿ ಈ ಗುಂಪು. ಬೆರಳಲ್ಲಿ ಒತ್ತಿದರೆ ಎಸಳೆಸಳಾಗಿ ಬಿಡುತ್ತದೆ, ಹಾಗೇ ತಿನ್ನಬಹುದು. ಇನ್ನೊಂದು ತಣ್ಣನೆ ಹೊಗೆಯದ್ದು. ಸುಮಾರು 30 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಹೊಗೆ ಕೊಟ್ಟಿರುತ್ತಾರೆ, ಮಾಂಸ ಬೆಂದಿರುವುದಿಲ್ಲ. ತೆಳ್ಳಗೆ ಹಾಳೆ ಹಾಳೆಯಾಗಿ ಸಿಗುವ ಹೊಗೆ ಸಾಲ್ಮನ್ ಈ ಥರದ್ದು, ಅದನ್ನು ಇಲ್ಲಿನವರು ಹಾಗೇ ತಿನ್ನುತ್ತಾರೆ. ಹಳದಿ ಬಣ್ಣದ ಹೊಗೆ ಹ್ಯಾಡಕ್, ಕಿಪ್ಪರ್ ಅನ್ನುವ ಹೆರಿಂಗ್ ಕೂಡ ತಣ್ಣನೆ ಹೊಗೆಯವೇ. ಅವನ್ನು ಬೇಯಿಸಿಯೇ ತಿನ್ನಬೇಕು. ಹೊಗೆ ವಾಸನೆ ಇದೆ ಅಂದ ಮಾತ್ರಕ್ಕೆ ಬೆಂದಿದೆ ಅಂದುಕೊಳ್ಳಬೇಡ. ಪ್ಯಾಕೆಟ್ ಮೇಲೆ ‘ರೆಡಿ ಟು ಈಟ್’ ಅಂತ ಇದೆಯಾ ನೋಡು. ನಿಮ್ಮ ಪಕ್ಕದ ಫ್ಲ್ಯಾಟಿನ ದಂಪತಿಗೂ ಮಾಡಿಕೊಡುತ್ತೇನೆ ಅಂದಿದ್ದೀಯ. ಆಕೆ ಬಸುರಿ ಅಂತಲೂ ಬರೆದಿದ್ದೀಯ. ಅವರಿಗೆ ತಣ್ಣನೆ ಹೊಗೆಯ ಮೀನನ್ನು ಹಾಗೇ ಕೊಡಲೇಬೇಡ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹಬೆಯಾಡುವಷ್ಟು ಬಿಸಿಯಾಗಿ ಒಳಗಿನವರೆಗೆ ಬೇಯಿಸಿ ಕೊಟ್ಟರೆ ಸರಿ.

ನೀನು ಮ್ಯಾಕರೆಲ್ ತಗೋ. ಸಾಲ್ಮನ್ನಿಗಿಂತ ಅಗ್ಗ, ರುಚಿಯೂ ಜಾಸ್ತಿ. ನಮ್ಮ ಬಂಗುಡೆಯ ದೂರದ ನೆಂಟ ಅದು. ಶಿರಾಡಿ ಘಾಟಿ ಹತ್ತಿ ಮಂಗಳೂರಿನಿಂದ ಬರುತ್ತಿದ್ದ ಬಂಗುಡೆ ತಿಂದು ಬೆಳೆದವರಿಗೆ ಮಾಂಸದಲ್ಲೇ ಎಣ್ಣೆ ತುಂಬಿರುವ ಆ ಎಣ್ಣೆ ಮೀನಿನ ರುಚಿ ತಕ್ಷಣ ಗುರುತು ಸಿಗುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿರುತ್ತಾರೆ. ಕೊಳ್ಳಲು ಸಂಕೋಚ ಬೇಡ, ಎಲ್ಲರೂ ಕೊಳ್ಳುತ್ತಾರೆ. ‘ಯೂಸ್ ಬೈ’ ದಿನಾಂಕ ಮಾತ್ರ ಮೀರಿಸಬೇಡ. ‘ಬೆಸ್ಟ್ ಬಿಫೋರ್’ ಮೀರಿದರೆ ರುಚಿ ಕಮ್ಮಿಯಾಗಬಹುದು ಅಷ್ಟೇ. ‘ಯೂಸ್ ಬೈ’ ಹಾಗಲ್ಲ, ಅದು ಆರೋಗ್ಯದ ಲೆಕ್ಕ. ಮೀನಿಗೆ ಬರೆದಿರುವುದು ಅದೇ.

ಈಗ ಆಲೂಗಡ್ಡೆ. ನಿಮ್ಮ ಮನೆಯಲ್ಲಿ ಆಲೂಗಡ್ಡೆ ಹಾಕುತ್ತಾರೆ ಅಂತ ಬರೆದಿದ್ದೀಯ, ನಿನಗೆ ನಾನು ಆಲೂಗಡ್ಡೆ ಬಗ್ಗೆ ಹೇಳುವುದೇ? ಆದರೂ ಒಂದು ಮಾತು. ನಮ್ಮ ರೈತರು ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿಯಲ್ಲಿ ಪಂಜಾಬಿನ ಜಲಂಧರದ ಬಿತ್ತನೆಗೆ ಕಾಯುತ್ತಾರಲ್ಲ, ಇಂಗ್ಲೆಂಡಿನ ರೈತರು ಸ್ಕಾಟ್ಲೆಂಡಿನ ಬಿತ್ತನೆಗೆ ಹಾಗೇ ಕಾಯುತ್ತಾರೆ. ಇಲ್ಲಿನ ಚಳಿಗಾಳಿಯಲ್ಲಿ ರೋಗ ಹರಡುವ ಗಿಡಹೇನು ಕಮ್ಮಿ, ಹಾಗಾಗಿ ಬಿತ್ತನೆ ಗೆಡ್ಡೆ ಶುದ್ಧವಾಗಿರುತ್ತದೆ. ಅಂಗಮಾರಿ ಮಾತ್ರ ಇವರನ್ನೂ ಬಿಟ್ಟಿಲ್ಲ. 1846ರಲ್ಲಿ ಅದೇ ರೋಗ ಬಂದು ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಬರಗಾಲವೇ ಆಯಿತು, ಸಾವಿರಾರು ಜನ ಊರು ಬಿಟ್ಟು ಹಡಗು ಹತ್ತಿದರು. ಅಪ್ಪನಿಗೆ ಫೋನ್ ಮಾಡಿದಾಗ ಹೇಳು, ಆಸಕ್ತಿಯಿಂದ ಕೇಳುತ್ತಾರೆ.

ಸಲಾಡಿಗೆ ಸಣ್ಣ, ಬಿಗಿಯಾದ ಗೆಡ್ಡೆ ಬೇಕು. ‘ಬೇಬಿ’ ಅಥವಾ ‘ಸಲಾಡ್ ಪೊಟೇಟೊ’ ಅಂತ ಸಿಗುತ್ತದೆ, ಷಾರ್ಲೆಟ್ ಅನ್ನುವ ತಳಿ ಚೆನ್ನಾಗಿದೆ. ಹಿಟ್ಟಾಗುವ ದಪ್ಪ ಗೆಡ್ಡೆ ತಂದರೆ ಡ್ರೆಸ್ಸಿಂಗಿನಲ್ಲಿ, ಅಂದರೆ ಸಲಾಡಿಗೆ ಕಲಸುವ ಸಾಸಿನಲ್ಲಿ, ಕರಗಿ ಮುದ್ದೆಯಾಗುತ್ತದೆ. ಇಬ್ಬರಿಗೆ, ಅಥವಾ ನಿನಗೆ ಎರಡು ಹೊತ್ತಿಗೆ, ಕಾಲು ಕೇಜಿ ಸಾಕು. ಸಿಪ್ಪೆ ತೆಗೆಯಬೇಡ. ಅರ್ಧ ಅರ್ಧ ಕತ್ತರಿಸಿ ಉಪ್ಪು ನೀರಿನಲ್ಲಿ 15 ನಿಮಿಷ ಬೇಯಿಸು. ಚಾಕು ಸಲೀಸಾಗಿ ಹೋದರೆ ಇಳಿಸಿ ಬಸಿದುಬಿಡು. ಇನ್ನೂ ಬೆಚ್ಚಗಿರುವಾಗಲೇ ಅರ್ಧ ನಿಂಬೆಹಣ್ಣು ಹಿಂಡಿ ಕಲಸು. ಬಿಸಿ ಗೆಡ್ಡೆ ಹುಳಿ ಹೀರಿಕೊಳ್ಳುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಮೇಲೇ ನಿಲ್ಲುತ್ತದೆ.

ಗೆಡ್ಡೆ ಬೇಯುವ ಹೊತ್ತಿಗೆ ಡ್ರೆಸ್ಸಿಂಗ್ ಆಗಿಬಿಡಬೇಕು. ಬಾಟಲಿಯದ್ದು ತರಬೇಡ, ಸಿಹಿ ಇರುತ್ತದೆ. ಮೊಟ್ಟೆಯ ಹಳದಿಗೆ ಹನಿ ಹನಿ ಎಣ್ಣೆ ಬಿಟ್ಟು ಕಡೆದು ಮೇಯನೇಸ್ ಮಾಡುವವರೂ ಇದ್ದಾರೆ. ಚೆನ್ನಾಗಿರುತ್ತದೆ, ಆದರೆ ವಾರದ ಮಧ್ಯೆ ಅಷ್ಟು ಹೊತ್ತು ಯಾರಿಗಿದೆ? ಮೊಸರಿನದ್ದೇ ಮಾಡು. ಗಟ್ಟಿ ಗ್ರೀಕ್ ಮೊಸರು ನಾಲ್ಕು ದೊಡ್ಡ ಚಮಚ. ಅದಕ್ಕೆ ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್, ಒಂದು ಸಣ್ಣ ಚಮಚ ಹಾರ್ಸ್‌ರ್‍ಯಾಡಿಶ್ ಸಾಸ್. ಇದೊಂದು ಬೇರು, ತುರಿದು ಸೀಸೆಯಲ್ಲಿ ಮಾರುತ್ತಾರೆ. ಮೆಣಸಿನಕಾಯಿ ಥರ ನಾಲಿಗೆ ಸುಡುವುದಿಲ್ಲ, ಸಾಸಿವೆ ಅರೆದಾಗ ಬರುವ ಹಾಗೆ ಮೂಗಿಗೆ ಹತ್ತುವ ಖಾರ. ಎಣ್ಣೆ ಮೀನಿನ ಜಿಡ್ಡನ್ನು ಅದು ಚೆನ್ನಾಗಿ ಕಡಿಯುತ್ತದೆ. ಮೊದಲು ಇವಿಷ್ಟನ್ನೂ ಚಮಚದಲ್ಲಿ ಗಂಟಿಲ್ಲದ ಹಾಗೆ ಗೊಟಾಯಿಸು. ಆಮೇಲೆ ಎರಡು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಒಂದೇ ದಿಕ್ಕಿನಲ್ಲಿ ತಿರುಗಿಸು. ಸಾಸಿವೆ ಇರುವುದರಿಂದ ಎಣ್ಣೆ ಬೇರೆಯಾಗದೆ ಮೊಸರಿನಲ್ಲಿ ಕೂರುತ್ತದೆ. ಮೊಸರಿನ ಬಿಳುಪು ಹೋಗಿ ಹೊಳಪು ಬರುತ್ತದೆ. ಆಗ ಉಳಿದ ಅರ್ಧ ನಿಂಬೆಹಣ್ಣು ಹಿಂಡು. ಇಲ್ಲಿನ ಮೊಸರಿಗೆ ನಮ್ಮ ಮನೆ ಮೊಸರಿನ ಹುಳಿ ಇಲ್ಲ, ನಿಂಬೆ ಇಲ್ಲದಿದ್ದರೆ ಸಪ್ಪೆ. ದೋಸೆ ಹಿಟ್ಟಿನ ಹದಕ್ಕೆ ಬಂದರೆ ಸರಿ, ಗಟ್ಟಿಯಾಯಿತು ಅನ್ನಿಸಿದರೆ ಒಂದು ಚಮಚ ನೀರು.

ಉಪ್ಪು ಹಾಕಬೇಡ. ಮೀನಿನಲ್ಲೇ ಬೇಕಾದಷ್ಟಿದೆ. ಎಲ್ಲ ಕಲಸಿದ ಮೇಲೆ ರುಚಿ ನೋಡು.

ಕೊನೆಗೆ ಸೊಪ್ಪು. ಅಂಗಡಿಯಲ್ಲಿ ‘ಡಿಲ್’ ಅಂತ ಪುಟ್ಟ ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದು ಸಬ್ಬಸಿಗೆ ಕಣೋ. ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕಂತೆಗಟ್ಟಲೆ ಸಿಗುವ ಸೊಪ್ಪು ಇಲ್ಲಿ ನಾಲ್ಕು ಎಳೆಗೆ ದುಡ್ಡು ಕೊಡಬೇಕು. ಅವರೆಕಾಳಿನ ಜೊತೆ ಮಾತ್ರ ತಿಂದವರಿಗೆ ಮೀನಿನ ಜೊತೆ ಅದು ಇಷ್ಟು ಹೊಂದುತ್ತದೆ ಅಂತ ಗೊತ್ತಿರುವುದಿಲ್ಲ. ದಂಟು ಬಿಟ್ಟು ಎಳೆಗಳನ್ನು ಸಣ್ಣಗೆ ಹೆಚ್ಚಿ ಎರಡು ಚಮಚದಷ್ಟು ಡ್ರೆಸ್ಸಿಂಗಿಗೆ ಹಾಕು. ಕಾಳುಮೆಣಸು ಊರಿನದೇ ಇದ್ದರೆ ಆಗಲೇ ಕುಟ್ಟಿ ಉದುರಿಸು. ಇಲ್ಲದಿದ್ದರೆ ಹೇಳು, ನಮ್ಮ ಕಾಫಿ ತೋಟದ್ದು ನನ್ನ ಹತ್ತಿರ ಇದೆ, ಒಂದು ಪೊಟ್ಟಣ ಕೊಡುತ್ತೇನೆ.

ಮೀನು ಕೊನೆಗೆ. ಎರಡು ಹೋಳು ಸಾಕು. ತಟ್ಟೆಯ ಮೇಲೆ ಚರ್ಮದ ಕಡೆ ಮೇಲೆ ಬರುವ ಹಾಗೆ ಇಟ್ಟು ಬಾಲದ ತುದಿಯಿಂದ ಎಳೆ. ಚರ್ಮ ಕಾಗದದ ಹಾಗೆ ಒಂದೇ ಸಲಕ್ಕೆ ಬರುತ್ತದೆ. ನಡುವೆ ಕಂದು ಬಣ್ಣದ ಗೆರೆ ಕಾಣುತ್ತದೆ, ಅಲ್ಲಿ ಬೆರಳಾಡಿಸು, ಸಣ್ಣ ಮುಳ್ಳು ಉಳಿದಿದ್ದರೆ ಸಿಗುತ್ತದೆ. ಆಮೇಲೆ ಕೈಯಲ್ಲೇ ದೊಡ್ಡ ದೊಡ್ಡ ತುಂಡಾಗಿ ಬಿಡಿಸು, ಪುಡಿ ಮಾಡಬೇಡ. ಸೌತೆಕಾಯಿ, ಸ್ವಲ್ಪ ಈರುಳ್ಳಿ, ಬೇಯಿಸಿದ ಬೀಟ್‌ರೂಟ್ ಇದ್ದರೆ ಅದು, ಹುಳಿ ಸೇಬು ಇದ್ದರೆ ಅರ್ಧ. ಆಲೂಗಡ್ಡೆಗೆ ಡ್ರೆಸ್ಸಿಂಗ್ ಕಲಸಿ, ಉಳಿದದ್ದು ಸೇರಿಸಿ, ಮೀನನ್ನು ಮೇಲೆ ಹಾಕಿ ಒಂದೇ ಒಂದು ಸಲ ಮೆತ್ತಗೆ ತಿರುವು. ಒಟ್ಟು 20 ನಿಮಿಷದ ಕೆಲಸ. ಒಲೆ ಮೇಲೆ ಆಲೂಗಡ್ಡೆ ಒಂದೇ ಬೆಂದದ್ದು, ಅಲಾರಂ ಕೂಗುವ ಮಾತೇ ಇಲ್ಲ.

ಕಾಲೇಜಿಗೆ ಒಯ್ಯುವುದಾದರೆ ಡ್ರೆಸ್ಸಿಂಗ್ ಬೇರೆ ಡಬ್ಬಿಯಲ್ಲಿ ಇಡು, ತಿನ್ನುವಾಗ ಕಲಸು. ಹೋದ ಕೂಡಲೇ ಫ್ರಿಜ್ಜಿನಲ್ಲಿಡು. ಅಲ್ಲಿನ ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡುವುದು ಯಾರಿಗೂ ಹಿಡಿಸುವುದಿಲ್ಲ, ಇದಕ್ಕೆ ಅದರ ಅಗತ್ಯವೇ ಇಲ್ಲ. ತಣ್ಣಗಿನ ಊಟ ಊಟವೇ ಅಲ್ಲ ಅಂದಿದ್ದೀಯ. ಮೊಸರನ್ನ ತಣ್ಣಗೇ ತಿನ್ನುತ್ತೀವಲ್ವಾ? ಅವರ ಪಕ್ಕದಲ್ಲಿ ಕೂತು ತಿನ್ನು. ಮೀನು, ಆಲೂಗಡ್ಡೆ ಅಂದರೆ ಇಲ್ಲಿನವರಿಗೆ ಮಾತಾಡಲು ಬೇಕಾದಷ್ಟಿದೆ. ಯಾರಾದರೂ ಒಬ್ಬರು ತಮ್ಮ ಅಜ್ಜಿ ಹೊಗೆ ಹ್ಯಾಡಕ್, ಆಲೂಗಡ್ಡೆ, ಹಾಲು ಹಾಕಿ ಮಾಡುತ್ತಿದ್ದ ಕಲೆನ್ ಸ್ಕಿಂಕ್ ಸೂಪಿನ ಮಾತು ತೆಗೆಯುತ್ತಾರೆ. ಸ್ನೇಹ ಬೆಳೆಯುವುದು ಇಂಥ ಮಾತಿನಲ್ಲೇ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಿಸಿ ಅನ್ನ ತಿಂದರೆ ಹೊಟ್ಟೆ ತುಂಬುತ್ತದೆ, ಒಬ್ಬ ಮನುಷ್ಯನ ಪರಿಚಯವೂ ಆಗುವುದಿಲ್ಲ. ಇದನ್ನು ನಾನು ತುಂಬಾ ಹುಡುಗರಲ್ಲಿ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಮೀನು ತಿನ್ನಲು ಇನ್ನೊಂದು ಕಾರಣವೂ ಇದೆ. ಡಿಸೆಂಬರ್ ಬಂದರೆ ಇಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ. ಚಳಿಗಾಲದ ಬಿಸಿಲಿನಿಂದ ಮೈಗೆ ವಿಟಮಿನ್ ಡಿ ಸಿಗುವುದಿಲ್ಲ, ನಮ್ಮ ಮೈಬಣ್ಣದವರಿಗೆ ಇನ್ನೂ ಕಷ್ಟ. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತಗೊಳ್ಳಿ ಅಂತ ಇಲ್ಲಿನ ಸರ್ಕಾರವೇ ಹೇಳುತ್ತದೆ. ಎಣ್ಣೆ ಮೀನಿನಲ್ಲೂ ಅದು ಇರುತ್ತದೆ. ವಾರಕ್ಕೆ ಎರಡು ಸಲ ಮೀನು, ಅದರಲ್ಲಿ ಒಂದು ಸಲ ಎಣ್ಣೆ ಮೀನು ಅನ್ನುವುದು ಇಲ್ಲಿನ ಆರೋಗ್ಯ ಇಲಾಖೆಯ ಮಾತು. ಹೊಗೆಮೀನಿನಲ್ಲಿ ಉಪ್ಪು ಜಾಸ್ತಿ, ಹಾಗಾಗಿ ದಿನಾ ಇದೇ ಬೇಡ. ಮಾತ್ರೆಯನ್ನೂ ಬಿಡಬೇಡ.

ಚರ್ಮ, ಪ್ಯಾಕೆಟ್ ಎಲ್ಲ ಅಡುಗೆಮನೆಯಲ್ಲಿ ರಾತ್ರಿಯಿಡೀ ಬಿಡಬೇಡ. ಚರ್ಮವನ್ನು ಆಹಾರದ ಕಸದ ಡಬ್ಬಿಗೆ, ಪ್ಯಾಕೆಟ್ ತೊಳೆದು ಹೊರಗಿನ ಡಬ್ಬಿಗೆ ಅವತ್ತೇ ಹಾಕಿಬಿಡು. ಜೊತೆಯವರ ಗೊಣಗಾಟ ಅರ್ಧ ಅಲ್ಲೇ ನಿಲ್ಲುತ್ತದೆ.

ಅಕ್ಕಿ ರೊಟ್ಟಿ ಜೊತೆ ತಿನ್ನಬಹುದಾ ಅಂತ ನೀನು ಕೇಳೇ ಕೇಳುತ್ತೀಯ. ತಿನ್ನಬಹುದು, ಬೆಚ್ಚಗಿನ ರೊಟ್ಟಿಯೊಳಗೆ ಸುತ್ತಿಕೊಂಡರೆ ಬಲು ಚೆನ್ನ. ಅಕ್ಕಿ ಹಿಟ್ಟು ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ರೊಟ್ಟಿ ತಟ್ಟುವಷ್ಟು ಹೊತ್ತಿಲ್ಲದ ದಿನ ಓಟ್‌ಕೇಕ್ ಅನ್ನುವ ಓಟ್ಸಿನ ಗಟ್ಟಿ ಬಿಸ್ಕತ್ತು ತಗೋ, ಇಲ್ಲಿನವರು ತಿನ್ನುವುದೂ ಅದನ್ನೇ. ಭಾನುವಾರ ಸಾರಿಗೆ ಹಸಿ ಮೀನು ಬೇಕಿದ್ದರೆ ಶನಿವಾರ ಬೆಳಿಗ್ಗೆ ಫೋನ್ ಮಾಡು. ನಾನು ಮೀನಿನಂಗಡಿಗೆ ಹೋಗುವುದು ಆಗಲೇ, ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ.